ಬೈಕಿಗೆ ಯಾವ ಆಯಿಲ್? ಡಬ್ಬಿಯ ಹಿಂಬದಿ ಓದಿ

ಪ್ರಶ್ನೆ: ಸರ್, ನನ್ನದು 150 ಸಿಸಿ ಬೈಕ್, ಗಾಳಿಯಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್. ಆರು ವರ್ಷ ಹಳೆಯದು, 48,000 ಕಿ.ಮೀ. ಓಡಿದೆ. ಮ್ಯಾನ್ಯುಯಲ್‌ನಲ್ಲಿ 10ಡಬ್ಲ್ಯೂ-30, ಜಾಸೊ ಎಂಎ ಎಂದು ಬರೆದಿದೆ. ಕಾರಿಗೆಂದು ತಂದ ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ಆಯಿಲ್ ಒಂದು ಲೀಟರಿನಷ್ಟು ಉಳಿದಿತ್ತು. ದುಬಾರಿ ಆಯಿಲ್, ಬೈಕಿಗೂ ಒಳ್ಳೆಯದೇ ಇರಬೇಕು ಎಂದು ಹಾಕಿದೆ. ನಾಲ್ಕೈದು ದಿನ ಎಂಜಿನ್ ಹಗುರಾದಂತೆ ಅನ್ನಿಸಿತು. ಈಗ ಏರು ಹತ್ತುವಾಗ ಆಕ್ಸಿಲರೇಟರ್ ತಿರುವಿದರೆ ಸದ್ದು ಏರುತ್ತದೆಯೇ ಹೊರತು ಗಾಡಿ ಎಳೆಯುವುದಿಲ್ಲ. ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಹೋಗಿದೆ ಎನ್ನುತ್ತಾರೆ. ಇನ್ನೊಬ್ಬರು, ಎಂಜಿನ್ ಹಳೆಯದಾಯಿತು, 20ಡಬ್ಲ್ಯೂ-50 ಹಾಕಿಸಿ ಎನ್ನುತ್ತಾರೆ. ನಾನು ಯಾವ ಆಯಿಲ್ ಹಾಕಲಿ? ಯಾವ ಬ್ರಾಂಡ್ ಒಳ್ಳೆಯದು?

ಉತ್ತರ: ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ. ನಿಮ್ಮ ಕ್ಲಚ್ ಪ್ಲೇಟ್ ಇನ್ನೂ ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಇದೇ ಆಯಿಲ್‌ನಲ್ಲಿ ಓಡಿಸುತ್ತಾ ಹೋದರೆ ಉಳಿಯುವುದಿಲ್ಲ. ಆಯಿಲ್ ಬದಲಿಸುವವರೆಗೆ ಗಾಡಿ ನಿಂತಿರಲಿ.

ಆಯಿಲ್ ಮೇಲೆ ತಪ್ಪು ಹೊರಿಸುವ ಮುಂಚೆ ಒಂದು ನಿಮಿಷದ ಕೆಲಸವಿದೆ. ಕ್ಲಚ್ ಲಿವರ್ ಹಿಡಿದು ನಿಧಾನಕ್ಕೆ ಎಳೆಯಿರಿ. ಬಿಗಿ ಸಿಗುವ ಮುಂಚೆ ಲಿವರಿನ ತುದಿ ಸ್ವಲ್ಪ ದೂರ ಸಡಿಲವಾಗಿ ಬರಬೇಕು. ಇದಕ್ಕೆ ಫ್ರೀ ಪ್ಲೇ ಎನ್ನುತ್ತಾರೆ. ಹೆಚ್ಚಿನ ಬೈಕುಗಳಲ್ಲಿ 10ರಿಂದ 20 ಮಿ.ಮೀ. ಇರಬೇಕು. ಆ ಸಡಿಲ ಇಲ್ಲವೇ ಇಲ್ಲ ಎಂದಾದರೆ ಕೇಬಲ್ ಸದಾ ಕ್ಲಚ್ಚನ್ನು ಎಳೆದುಕೊಂಡೇ ಇರುತ್ತದೆ, ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಕ್ಲಚ್ ಜಾರುತ್ತದೆ. ಫ್ರೀ ಪ್ಲೇ ಸರಿಯಿದ್ದೂ, ಮೇಲಿನ ಗೇರಿನಲ್ಲಿ ನಿಧಾನ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಎಂಜಿನ್ ಸುತ್ತು ಏರಿ ವೇಗ ಏರದಿದ್ದರೆ ಅದು ನಿಜವಾದ ಸ್ಲಿಪ್. ನೀವು ಬರೆದ ಲಕ್ಷಣ ಇದೇ. ಆಯಿಲ್ ಹಾಕಿದ ಕೆಲವೇ ದಿನಕ್ಕೆ ಶುರುವಾಗಿದೆ ಎಂದ ಮೇಲೆ ನನಗೆ ಅನುಮಾನ ಉಳಿದಿಲ್ಲ.

ಹೀಗೇಕಾಯಿತು ಎಂಬುದು ಅರ್ಥವಾದರೆ ಮುಂದೆ ಯಾವ ಡಬ್ಬಿ ಕೈಗೆ ಬಂದರೂ ನೀವೇ ತೀರ್ಮಾನಿಸಬಹುದು. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಾರಿನಲ್ಲಿ ಎಂಜಿನ್ನಿಗೆ ಒಂದು ಆಯಿಲ್, ಗೇರ್‌ಬಾಕ್ಸಿಗೆ ಇನ್ನೊಂದು. ಕಾಲಲ್ಲಿ ಒತ್ತುವ ಕ್ಲಚ್ ಇರುವ ಕಾರುಗಳಲ್ಲಿ ಆ ಕ್ಲಚ್ ಸಾಮಾನ್ಯವಾಗಿ ಆಯಿಲ್ ತಾಗದ ಒಣ ಜಾಗದಲ್ಲಿರುತ್ತದೆ. ನಿಮ್ಮ ಬೈಕಿನಲ್ಲಿ ಈ ಮೂರೂ ಒಂದೇ ಮನೆಯಲ್ಲಿ, ಒಂದೇ ಲೀಟರ್ ಆಯಿಲ್ ಹಂಚಿಕೊಂಡು ಬಾಳುತ್ತವೆ. ಪಿಸ್ಟನ್ನು, ಕವಾಟ ತೆರೆಯುವ ಕ್ಯಾಮು, ಬೇರಿಂಗು ಜಾರಬೇಕು. ಗೇರಿನ ಹಲ್ಲುಗಳು ಒಂದರ ಮೇಲೊಂದು ಒತ್ತಿ ತಿರುಗುವಾಗ ಆಯಿಲ್ ಪದರ ಹರಿಯಬಾರದು. ಕ್ಲಚ್ ಮಾತ್ರ ಜಾರಲೇಬಾರದು, ಅದಕ್ಕೆ ಹಿಡಿತ ಬೇಕು. ಒಂದೇ ಆಯಿಲ್ ಒಂದು ಕಡೆ ಜಾರಿಸಬೇಕು, ಇನ್ನೊಂದು ಕಡೆ ಹಿಡಿಯಗೊಡಬೇಕು. ಬೈಕ್ ಆಯಿಲ್‌ನ ಕಷ್ಟವೆಲ್ಲ ಇಲ್ಲಿದೆ.

ಕ್ಲಚ್ ಕವರ್ ಬಿಚ್ಚಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಒಂದು ಫ್ರಿಕ್ಷನ್ ಪ್ಲೇಟ್, ಒಂದು ಉಕ್ಕಿನ ಪ್ಲೇಟ್, ಮತ್ತೆ ಫ್ರಿಕ್ಷನ್, ಮತ್ತೆ ಉಕ್ಕು, ಹೀಗೆ ಒಂದರ ಮೇಲೊಂದು ಜೋಡಿಸಿದ ಕಟ್ಟು. ಸ್ಪ್ರಿಂಗುಗಳು ಅದನ್ನು ಒತ್ತಿ ಹಿಡಿದಿರುತ್ತವೆ. ಫ್ರಿಕ್ಷನ್ ಪ್ಲೇಟಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಂತೆ ಅಂಟಿಸಿದ ಕಂದು ವಸ್ತು, ನಡುನಡುವೆ ಆಯಿಲ್ ಹರಿದುಹೋಗಲು ಕಾಲುವೆಗಳು. ಕೈ ಬಿಟ್ಟ ತಕ್ಷಣ ಪ್ಲೇಟುಗಳ ನಡುವಿನ ಆಯಿಲ್ ಆ ಕಾಲುವೆಗಳ ಮೂಲಕ ಹೊರಕ್ಕೆ ಹಿಂಡಿಹೋಗಬೇಕು, ಕಂದು ಮೈ ಉಕ್ಕನ್ನು ಕಚ್ಚಬೇಕು. ಹಿಡಿಯುತ್ತಿರುವ ಪ್ಲೇಟ್ ಬೆರಳಿಗೆ ಸ್ವಲ್ಪ ಒರಟಾಗಿ, ಹಳೆ ರಟ್ಟಿನಂತೆ ಸಿಗುತ್ತದೆ. ಬಹುಕಾಲ ಜಾರಿ ಸುಟ್ಟ ಪ್ಲೇಟ್ ಗಾಜಿನಂತೆ ಮಿರುಗುತ್ತದೆ, ಬಣ್ಣ ಕಪ್ಪಿಗೆ ತಿರುಗಿರುತ್ತದೆ, ಮೂಗಿಗೆ ಹಿಡಿದರೆ ಕಮಟು ವಾಸನೆ. ಜೊತೆಗಿದ್ದ ಉಕ್ಕಿನ ಪ್ಲೇಟಿನಲ್ಲಿ ನೀಲಿ ಕಲೆಗಳು. ಆ ನೀಲಿ ಕಂಡರೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ, ಪ್ಲೇಟ್ ಸೆಟ್ಟೇ ಬದಲಾಗಬೇಕು.

ಕಾರಿನ ಆಯಿಲ್ ತಯಾರಿಸುವವರಿಗೆ ಇಂಧನ ಉಳಿಸುವ ಒತ್ತಡ ಹೆಚ್ಚು. ಅದಕ್ಕಾಗಿ ಫ್ರಿಕ್ಷನ್ ಮಾಡಿಫೈಯರ್ ಎಂಬ ರಾಸಾಯನಿಕಗಳನ್ನು ಬೆರೆಸುತ್ತಾರೆ. ಇವುಗಳಲ್ಲಿ ಹಲವು ಲೋಹದ ಮೈಗೆ ಒಂದು ತುದಿಯಿಂದ ಅಂಟಿಕೊಂಡು ಮೇಲೊಂದು ನುಣುಪಾದ ಹೊದಿಕೆ ಕಟ್ಟುತ್ತವೆ. ಮಾಲಿಬ್ಡಿನಮ್ ಸಂಯುಕ್ತಗಳನ್ನು ಬಳಸುವುದೂ ಉಂಟು. ಕಾರಿನ ಎಂಜಿನ್ನಿಗೆ ಅದು ವರ. ಆ ಹೊದಿಕೆ ನಿಮ್ಮ ಕ್ಲಚ್ಚಿನ ಉಕ್ಕಿನ ಪ್ಲೇಟಿನ ಮೇಲೂ ಕೂತುಬಿಡುತ್ತದೆ. ಎಂಜಿನ್ ಹಗುರಾಯಿತು ಎಂದು ನಿಮಗೆ ಅನ್ನಿಸಿದ್ದು ಸುಳ್ಳಲ್ಲ. ಹಗುರ ಮಾಡಿದ ಗುಣವೇ ಕ್ಲಚ್ಚಿನ ಹಿಡಿತವನ್ನೂ ತೆಗೆಯಿತು.

ಆದ್ದರಿಂದಲೇ ನಾನು ಯಾವ ಡಬ್ಬಿ ಕೈಗೆತ್ತಿಕೊಂಡರೂ ಮೊದಲು ಹುಡುಕುವುದು ಜಾಸೊ ಗುರುತನ್ನು. ಜಪಾನಿನ ವಾಹನ ಮಾನಕ ಸಂಸ್ಥೆಯ ಈ ಅಳತೆಗೋಲು, ಟಿ903 ಎಂಬ ಹೆಸರಿನದು, 1998ರಲ್ಲಿ ಬಂತು. ಕ್ಲಚ್ ಪ್ಲೇಟುಗಳನ್ನು ಆ ಆಯಿಲ್‌ನಲ್ಲಿ ನಿಜವಾಗಿಯೇ ಯಂತ್ರದಲ್ಲಿ ಕೂಡಿಸಿ, ಬಿಡಿಸಿ, ಹಿಡಿತ ಎಷ್ಟು ಎಂದು ಅಳೆಯುತ್ತಾರೆ. ಪ್ಲೇಟು ತಿರುಗುತ್ತಿರುವಾಗಿನ ಹಿಡಿತ, ನಿಂತ ಮೇಲಿನ ಹಿಡಿತ, ಕೂಡಿಕೊಂಡು ನಿಲ್ಲಲು ಹಿಡಿಯುವ ಸಮಯ, ಹೀಗೆ ಮೂರು ಸೂಚ್ಯಂಕಗಳು. ಹಿಡಿತ ಸಾಕಷ್ಟಿದ್ದರೆ ಎಂಎ, ಕಡಿಮೆಯಿದ್ದರೆ ಎಂಬಿ. 2006ರಲ್ಲಿ ಎಂಎ ವರ್ಗವನ್ನು ಇನ್ನೂ ಸೀಳಿ ಎಂಎ1, ಎಂಎ2 ಮಾಡಿದರು. ಮೂರೂ ಸೂಚ್ಯಂಕ ಮೇಲಿನ ಹಂತದಲ್ಲಿದ್ದರೆ ಎಂಎ2, ಮೂರೂ ಕೆಳಗಿನ ಹಂತದಲ್ಲಿದ್ದರೆ ಎಂಎ1. ಒಂದು ಮೇಲೆ ಒಂದು ಕೆಳಗೆ ಬಿದ್ದರೆ ಬರೀ ಎಂಎ. ನಿಮ್ಮ ಮ್ಯಾನ್ಯುಯಲ್ ಎಂಎ ಎಂದಿದೆ, ಎಂಎ2 ಹಾಕಿದರೂ ಏನೂ ತೊಂದರೆಯಿಲ್ಲ. ಎಂಬಿ ಮಾತ್ರ ಬೇಡ. ಅದು ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಇಲ್ಲದ ಗಾಡಿಗೆ, ಮುಖ್ಯವಾಗಿ ಬೆಲ್ಟಿನಿಂದ ಓಡುವ ಗೇರಿಲ್ಲದ ಸ್ಕೂಟರಿಗೆ. ಮನೆಯಲ್ಲಿ ಸ್ಕೂಟರ್, ಬೈಕ್ ಎರಡೂ ಇರುವವರು ಸ್ಕೂಟರಿನ ಡಬ್ಬಿಯಲ್ಲಿ ಉಳಿದದ್ದನ್ನು ಬೈಕಿಗೆ ಸುರಿಯುವುದನ್ನು ನೋಡಿದ್ದೇನೆ. ನಿಮ್ಮ ತಪ್ಪಿನದೇ ಇನ್ನೊಂದು ರೂಪ ಅದು.

ಈ ಗುರುತು ಹಲವು ಡಬ್ಬಿಗಳ ಮುಂಭಾಗದಲ್ಲಿ ಎದ್ದು ಕಾಣುವುದಿಲ್ಲ. ಮುಂದೆ ರೇಸ್ ಬೈಕಿನ ಚಿತ್ರ, ಹೊಳೆಯುವ ಅಕ್ಷರದಲ್ಲಿ ಏನೇನೋ ತಂತ್ರಜ್ಞಾನದ ಹೆಸರು. ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ನೋಂದಾಯಿಸಿದ ಆಯಿಲ್ ಆಗಿದ್ದರೆ ಒಂದು ಚೌಕದೊಳಗೆ ಎಂಎ ಅಥವಾ ಎಂಎ2 ಎಂಬ ದೊಡ್ಡ ಅಕ್ಷರವೂ ಒಂದು ಸಂಕೇತ ಸಂಖ್ಯೆಯೂ ಇರುತ್ತವೆ.

ಅಲ್ಲೇ ಇನ್ನೊಂದು ದುಂಡು ಮುದ್ರೆಯೂ ಇರಬಹುದು. ಅದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯದು. ಮೇಲಿನ ಅರ್ಧದಲ್ಲಿ ಎಸ್‌ಎಲ್, ಎಸ್‌ಎನ್, ಎಸ್‌ಪಿ ಇಂಥ ಎರಡಕ್ಷರ, ನಡುವೆ 10ಡಬ್ಲ್ಯೂ-30 ಥರದ ಗ್ರೇಡ್. ಎಸ್ ಎಂದರೆ ಪೆಟ್ರೋಲ್ ಎಂಜಿನ್ನಿನ ಸಾಲು. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸ ಮಾನಕ: ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಮ್ಯಾನ್ಯುಯಲ್ ಹೇಳಿದ ಅಕ್ಷರ ಅಥವಾ ಅದರ ಮುಂದಿನದು ಸಾಕು. ನೀವು ನೋಡಲೇಬೇಕಾದದ್ದು ಆ ಮುದ್ರೆಯ ಕೆಳಗಿನ ಅರ್ಧವನ್ನು. ಅಲ್ಲಿ 'ರಿಸೋರ್ಸ್ ಕನ್ಸರ್ವಿಂಗ್' ಎಂದಿದ್ದರೆ, ಹಳೆ ಡಬ್ಬಿಗಳಲ್ಲಾದರೆ 'ಎನರ್ಜಿ ಕನ್ಸರ್ವಿಂಗ್' ಎಂದಿದ್ದರೆ, ಡಬ್ಬಿಯನ್ನು ಹಾಗೇ ಕೆಳಗಿಡಿ. ಈ ಮಾತು ಬರುವುದು ಬಹುಪಾಲು 30 ಮತ್ತು ಅದಕ್ಕಿಂತ ತೆಳು ಗ್ರೇಡಿನ ಕಾರ್ ಆಯಿಲ್‌ಗಳ ಮೇಲೆ. ನೀವು ಹಾಕಿದ 5ಡಬ್ಲ್ಯೂ-30 ಅದೇ ಗುಂಪಿನದು. ಇನ್ನೂ ಒಂದು ವ್ಯತ್ಯಾಸವಿದೆ: ಸವೆತ ತಡೆಯುವ ರಂಜಕದ ಪ್ರಮಾಣ. ಜಾಸೊ ಮಾನಕ ಅದನ್ನು ಶೇ. 0.08ರಿಂದ 0.12ರ ನಡುವೆ ಇರಿಸುತ್ತದೆ. ಈ ತೆಳು ಕಾರ್ ಆಯಿಲ್‌ಗಳಲ್ಲಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು, 0.08ಕ್ಕಿಂತ ಮೇಲೆ ಹೋಗಗೊಡುವುದಿಲ್ಲ. ಒಬ್ಬರ ಮೇಲ್ಮಿತಿ ಇನ್ನೊಬ್ಬರ ಕೆಳಮಿತಿ.

ಈಗ ಎರಡನೆಯ ಮೆಕ್ಯಾನಿಕ್ ಹೇಳಿದ 20ಡಬ್ಲ್ಯೂ-50ರ ವಿಚಾರ. ಈ ಅಂಕಿಗಳ ಬಗ್ಗೆ ಇರುವಷ್ಟು ತಪ್ಪು ತಿಳುವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ, ಸ್ವಲ್ಪ ನಿಂತು ನೋಡೋಣ.

ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕಡುಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎನ್ನುವುದಕ್ಕೆ. 10ಡಬ್ಲ್ಯೂ ಆಯಿಲ್‌ನಲ್ಲಿ ಎಂಜಿನ್ ಸುಲಭವಾಗಿ ತಿರುಗುತ್ತದೆಯೇ ಎಂಬ ಪರೀಕ್ಷೆ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 20ಡಬ್ಲ್ಯೂ ಆಯಿಲ್‌ನದು ಮೈನಸ್ 15ರಲ್ಲಿ. ಕೊನೆಯ ಅಂಕಿ ಮುಖ್ಯವಾಗಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಎಂಬುದರದು. ಈ ದಪ್ಪವನ್ನು ಅಳೆಯುವ ಮಾನ ಸೆಂಟಿಸ್ಟೋಕ್. 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್‌ವರೆಗೆ, 40 ಎಂದರೆ 16.3ರವರೆಗೆ, 50 ಎಂದರೆ 21.9ರವರೆಗೆ. 10ಡಬ್ಲ್ಯೂ-40 ಆಯಿಲ್ ತಣ್ಣಗಿದ್ದಾಗ ತೆಳು, ಬಿಸಿಯಾದಾಗ ದಪ್ಪ ಎಂದು ಎಷ್ಟೋ ಜನ ಗಟ್ಟಿಯಾಗಿ ನಂಬಿದ್ದಾರೆ. ಬಿಸಿಯಾದರೆ ಯಾವ ಆಯಿಲ್ಲೂ ತೆಳ್ಳಗಾಗುತ್ತದೆ. 40 ಡಿಗ್ರಿಯಲ್ಲಿ ಸುಮಾರು 95 ಸೆಂಟಿಸ್ಟೋಕ್ ಇರುವ ಆಯಿಲ್ 100 ಡಿಗ್ರಿಗೆ ಬರುವಷ್ಟರಲ್ಲಿ 14ಕ್ಕೆ ಇಳಿದಿರುತ್ತದೆ. ಎಷ್ಟು ಇಳಿಯಬಹುದು ಎಂಬ ಮಿತಿಯನ್ನು ಗ್ರೇಡ್ ಹೇಳುತ್ತದೆ.

20ಡಬ್ಲ್ಯೂ-50 ಆಯಿಲ್ 40 ಡಿಗ್ರಿಯಲ್ಲಿ 150 ಸೆಂಟಿಸ್ಟೋಕ್ ದಾಟುವುದು ಸಾಮಾನ್ಯ. 10ಡಬ್ಲ್ಯೂ-30 ಅದೇ ಬಿಸಿಯಲ್ಲಿ 70ರ ಆಸುಪಾಸು. ಅಂದರೆ ಬೆಳಿಗ್ಗೆ ಬಟನ್ ಒತ್ತಿದ ಹೊತ್ತಿನಲ್ಲಿ ನಿಮ್ಮ ಎಂಜಿನ್ನಿನ ಪುಟ್ಟ ಪಂಪು ಎರಡು ಪಟ್ಟು ದಪ್ಪದ ಆಯಿಲನ್ನು ತಲೆಯ ಮೇಲಿರುವ ಕ್ಯಾಮಿನವರೆಗೆ ಏರಿಸಬೇಕು. ತೆಳು ಆಯಿಲ್‌ಗೆಂದು ಕೊರೆದ ಸಣ್ಣ ದಾರಿಗಳಲ್ಲಿ ಅದು ತಡವಾಗಿ ತಲುಪುತ್ತದೆ, ಅಷ್ಟು ಹೊತ್ತು ಕ್ಯಾಮು ಹಳೆಯ ಪಸೆಯಲ್ಲೇ ಉಜ್ಜುತ್ತದೆ. ದಪ್ಪ ಆಯಿಲ್ ಹಾಕಿದರೆ ಟ್ಯಾಪೆಟ್ ಸದ್ದು, ಅಂದರೆ ಕವಾಟದ ಬಳಿಯ ಟಕಟಕ ಸದ್ದು, ಕಡಿಮೆಯಾಗುತ್ತದೆ, ನಿಜ. ಸದ್ದು ಅಡಗಿತು ಎಂದ ಮಾತ್ರಕ್ಕೆ ಸವೆತ ನಿಂತಿತು ಎಂದಲ್ಲ. ಟ್ಯಾಪೆಟ್ ಸದ್ದಿಗೆ ಮದ್ದು ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ಹಿಡಿದು ಸಂದು ಸರಿಮಾಡುವುದು. ಮೈಲೇಜು ಸ್ವಲ್ಪ ಕುಗ್ಗುತ್ತದೆ, ತಣ್ಣಗಿರುವಾಗ ಗೇರ್ ಹಾಕಲು ಗಟ್ಟಿ, ನ್ಯೂಟ್ರಲ್ ಸಿಗುವುದು ಕಷ್ಟ. ದಪ್ಪ ಆಯಿಲ್ ಪ್ಲೇಟುಗಳನ್ನು ಒಂದಕ್ಕೊಂದು ಅಂಟಿಸಿ ಎಳೆದಾಡುವುದರಿಂದ ಹೀಗಾಗುತ್ತದೆ.

ಹಾಗಂತ ದಪ್ಪ ಆಯಿಲ್ ಕೆಟ್ಟದ್ದಲ್ಲ. ದೊಡ್ಡ ಸಿಲಿಂಡರಿನ, ಗಾಳಿಯಿಂದ ತಣಿಯುವ, ಸಂದುಗಳು ಅಗಲವಾಗಿರುವ ಎಂಜಿನ್ನುಗಳಿಗೆ ತಯಾರಕರೇ 15ಡಬ್ಲ್ಯೂ-50, 20ಡಬ್ಲ್ಯೂ-50 ಬರೆದಿರುತ್ತಾರೆ. ಅದಕ್ಕೆ 10ಡಬ್ಲ್ಯೂ-30 ಹಾಕುವುದೂ ಅಷ್ಟೇ ತಪ್ಪು. ಮ್ಯಾನ್ಯುಯಲ್‌ನಲ್ಲಿ ಹೊರಗಿನ ತಾಪಮಾನಕ್ಕೆ ತಕ್ಕಂತೆ ಎರಡು ಮೂರು ಗ್ರೇಡುಗಳ ಪಟ್ಟಿಯೊಂದನ್ನು ಕೊಟ್ಟಿರುತ್ತಾರೆ, ಅದನ್ನು ಓದುವವರೇ ಕಡಿಮೆ. ನಿಮ್ಮ ಮ್ಯಾನ್ಯುಯಲ್‌ನ ಪಟ್ಟಿಯಲ್ಲಿ 10ಡಬ್ಲ್ಯೂ-40 ಇದ್ದು, ಬಿಸಿಲಿನಲ್ಲಿ, ನಿಂತು ನಿಂತು ಸಾಗುವ ದಟ್ಟಣೆಯಲ್ಲಿ ಹೆಚ್ಚು ಓಡಿಸುವವರಾದರೆ ಅದನ್ನು ಧೈರ್ಯವಾಗಿ ಹಾಕಿ. 48,000 ಕಿ.ಮೀ. ಓಡಿದೆ ಎಂಬ ಒಂದೇ ಕಾರಣಕ್ಕೆ 50ಕ್ಕೆ ಜಿಗಿಯಬೇಡಿ. ಹೊಗೆ ನೀಲಿಯಾಗಿಲ್ಲ, ಆಯಿಲ್ ಮಟ್ಟ ಇಳಿಯುತ್ತಿಲ್ಲ ಎಂದಾದರೆ ನಿಮ್ಮ ಎಂಜಿನ್ನಿಗೆ ಇನ್ನೂ ಮುಪ್ಪು ಬಂದಿಲ್ಲ.

ಆಯಿಲ್‌ಗೆ ವಯಸ್ಸಾಗುವುದು ಹೇಗೆ ಎಂಬುದೂ ಗೊತ್ತಿರಲಿ. ಬಿಸಿಯಲ್ಲಿ ಆಯಿಲ್ ತೀರಾ ತೆಳ್ಳಗಾಗದಂತೆ ತಡೆಯಲು ಪಾಲಿಮರ್ ಎಂಬ ಉದ್ದುದ್ದ ಸರಪಳಿಯಂಥ ಅಣುಗಳನ್ನು ಬೆರೆಸಿರುತ್ತಾರೆ. ತಣ್ಣಗಿರುವಾಗ ಅವು ಮುದುಡಿಕೊಂಡಿರುತ್ತವೆ, ಬಿಸಿಯಾದಾಗ ಬಿಚ್ಚಿಕೊಂಡು ಹರಿವಿಗೆ ಅಡ್ಡ ನಿಲ್ಲುತ್ತವೆ. ಬೈಕಿನ ಗೇರಿನ ಹಲ್ಲುಗಳು ಇವನ್ನು ದಿನವೂ ಕತ್ತರಿಸುತ್ತಿರುತ್ತವೆ. 40 ಎಂದು ಹಾಕಿದ ಆಯಿಲ್ ಕೆಲವು ಸಾವಿರ ಕಿ.ಮೀ. ಕಳೆಯುವಷ್ಟರಲ್ಲಿ 30ರ ಪಟ್ಟಿಗೆ ಇಳಿದಿರುವುದುಂಟು. ಗೇರ್ ಹಾಕುವಾಗ ಮೊದಲಿನ ನಯ ಹೋಗಿ ಟಕ್ ಎಂದು ಒರಟಾಗಿ ಬೀಳತೊಡಗಿದರೆ ಆಯಿಲ್ ಸುಸ್ತಾಗಿದೆ ಎಂದೇ ನಾನು ಓದಿಕೊಳ್ಳುತ್ತೇನೆ. ಬಣ್ಣ ಅಷ್ಟು ನಂಬುವಂಥದ್ದಲ್ಲ. ಕಪ್ಪಾಗಿದೆ ಎಂದರೆ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಎಂಜಿನ್ ತೊಳೆಯುತ್ತಿದೆ ಎಂದೂ ಆಗುತ್ತದೆ.

ಸಿಂಥೆಟಿಕ್ ಬೇಕೇ ಎಂಬ ಪ್ರಶ್ನೆ ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ, ಆದರೆ ನೀವು ತಪ್ಪಿದ್ದು ಆ ಪದ ನಂಬಿಕೊಂಡೇ. ನಿಮ್ಮ ಕ್ಲಚ್ ಜಾರಿದ್ದು ಸಿಂಥೆಟಿಕ್‌ನಿಂದಲ್ಲ, ಜಾಸೊ ಎಂಎ ಇಲ್ಲದ್ದರಿಂದ. ಎಂಎ2 ಗುರುತಿರುವ ಫುಲ್ ಸಿಂಥೆಟಿಕ್ ಆಯಿಲ್ ನಿಮ್ಮ ಬೈಕಿಗೆ ಚೆನ್ನಾಗಿಯೇ ಒಗ್ಗುತ್ತದೆ. ಹೆಚ್ಚು ಬಿಸಿ ತಡೆಯುತ್ತದೆ, ಆವಿಯಾಗುವುದು ಕಡಿಮೆ, ಚಳಿಯಲ್ಲಿ ಬೇಗ ಹರಿಯುತ್ತದೆ. ತಾಪಮಾನ 10 ಡಿಗ್ರಿ ಏರಿದಾಗಲೆಲ್ಲ ಆಯಿಲ್ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬ ಅಂದಾಜು ಸೂತ್ರವೊಂದಿದೆ. ಎಂಜಿನ್ ಜೋರಾಗಿ ದುಡಿಯುವ ಗಾಡಿಗಳಲ್ಲಿ ಸಿಂಥೆಟಿಕ್ ತನ್ನ ಖರ್ಚು ತೀರಿಸುವುದು ಇಲ್ಲೇ. ನಿಮ್ಮದು ದಿನನಿತ್ಯದ ಓಡಾಟದ 150 ಸಿಸಿ. ಒಳ್ಳೆಯ ಮಿನರಲ್ (ಸಾದಾ) ಅಥವಾ ಸೆಮಿ ಸಿಂಥೆಟಿಕ್ ಆಯಿಲನ್ನು ಹೇಳಿದ ಸಮಯಕ್ಕೆ ಬದಲಿಸುವುದೇ, ದುಬಾರಿ ಸಿಂಥೆಟಿಕ್ ಹಾಕಿ ಮರೆತುಬಿಡುವುದಕ್ಕಿಂತ ಎಷ್ಟೋ ಮೇಲು. ಅಂದಹಾಗೆ, ಸೆಮಿ ಸಿಂಥೆಟಿಕ್ ಎಂದ ಮಾತ್ರಕ್ಕೆ ಅರ್ಧ ಪಾಲು ಸಿಂಥೆಟಿಕ್ ಇರುತ್ತದೆ ಎಂದುಕೊಳ್ಳಬೇಡಿ. ಬಹಳ ಡಬ್ಬಿಗಳು ಪಾಲೆಷ್ಟು ಎಂದು ಹೇಳುವುದೇ ಇಲ್ಲ.

ಬ್ರಾಂಡ್ ಕೇಳಿದ್ದೀರಿ. ಗ್ರೇಡ್ ಸರಿಯಿದ್ದು, ಎಂಎ ಅಥವಾ ಎಂಎ2 ಇದ್ದು, ಎಪಿಐ ಅಕ್ಷರ ಮ್ಯಾನ್ಯುಯಲ್‌ಗೆ ಹೊಂದಿದ್ದು, ಸೀಲ್ ಒಡೆಯದ ಅಸಲಿ ಡಬ್ಬಿಯಾಗಿದ್ದರೆ ಹೆಸರು ಯಾವುದಾದರೂ ನನಗೆ ಒಪ್ಪಿಗೆ. ನಕಲಿಯ ಭಯ ಮಾತ್ರ ನಿಜವಾದದ್ದು. ಮುಚ್ಚಳದ ಉಂಗುರ, ತಯಾರಾದ ದಿನಾಂಕ, ಬ್ಯಾಚ್ ಸಂಖ್ಯೆ ನೋಡಿಯೇ ತನ್ನಿ, ಖಾಲಿ ಡಬ್ಬಿಯನ್ನು ತೂತು ಮಾಡಿ ಎಸೆಯಿರಿ. ಆಯಿಲ್ ಜೊತೆ ಬೆರೆಸಿ ಎಂದು ಸಣ್ಣ ಸೀಸೆಗಳಲ್ಲಿ ಮಾರುವ ಔಷಧಗಳನ್ನು ದಯವಿಟ್ಟು ಮುಟ್ಟಬೇಡಿ. ಘರ್ಷಣೆ ತಗ್ಗಿಸುತ್ತೇವೆ ಎನ್ನುವುದೇ ಅವುಗಳ ಹೆಗ್ಗಳಿಕೆ. ನಿಮ್ಮ ಕ್ಲಚ್ಚಿಗೆ ಅದರ ರುಚಿ ಈಗಾಗಲೇ ಗೊತ್ತು.

ಇನ್ನು ನೀವು ಮಾಡಬೇಕಾದ ಕೆಲಸ. ಎಂಜಿನ್ ಐದು ನಿಮಿಷ ಓಡಲಿ, ಆಯಿಲ್ ಬೆಚ್ಚಗಾದರೆ ಕೊಳೆಯ ಸಮೇತ ಇಳಿಯುತ್ತದೆ. ಗಾಡಿ ನೆಟ್ಟಗೆ ನಿಲ್ಲಿಸಿ, ಕೈಗವಸು ಹಾಕಿಕೊಂಡು ಡ್ರೈನ್ ಬೋಲ್ಟ್ ಬಿಚ್ಚಿ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಬೂದಿಯಂಥ ನುಣ್ಣನೆಯ ಪಸೆ ಅಂಟಿದ್ದರೆ ಅದು ಸಹಜ ಸವೆತ, ಬಟ್ಟೆಯಲ್ಲಿ ಒರೆಸಿ. ಉಗುರಿಗೆ ಸಿಗುವಂಥ ಚೂರು, ಹಲ್ಲಿನ ಮುರುಕು ಕಂಡರೆ ಆಯಿಲ್ ಹಾಕುವುದು ಹಾಗಿರಲಿ, ಎಂಜಿನ್ ಬಿಚ್ಚಿಸಬೇಕು. ಇಳಿದ ಆಯಿಲ್‌ನಲ್ಲಿ ಬಿಳಿಚಿಕೊಂಡ ನೊರೆಯಂಥದ್ದಿದ್ದರೆ ನೀರು ಸೇರಿದೆ. ಎಂಜಿನ್ ಕಾಯುವ ಮುಂಚೆಯೇ ನಿಲ್ಲಿಸುವ ತೀರಾ ಹತ್ತಿರದ ಓಡಾಟದಿಂದಲೂ ಹೀಗಾಗುತ್ತದೆ. ಹಳೆ ಆಯಿಲನ್ನು ಮಣ್ಣಿಗೂ ಚರಂಡಿಗೂ ಸುರಿಯಬೇಡಿ, ಮರುಬಳಕೆಗೆ ಸಂಗ್ರಹಿಸುವವರಿಗೆ ಕೊಡಿ.

ಫಿಲ್ಟರ್ ಇದ್ದರೆ ಹೊಸದು, ಜಾಲರಿ ಇದ್ದರೆ ತೊಳೆದು ಹಾಕಿ. ಬೋಲ್ಟಿನ ವಾಷರ್ ಕೂಡ ಹೊಸದಿರಲಿ. 10ಡಬ್ಲ್ಯೂ-30 ಜಾಸೊ ಎಂಎ, ದುಬಾರಿಯಲ್ಲದ ಸಾದಾ ಆಯಿಲ್ ತುಂಬಿ. ಮ್ಯಾನ್ಯುಯಲ್‌ನಲ್ಲಿ ಎರಡು ಅಳತೆ ಕೊಟ್ಟಿರುತ್ತಾರೆ: ಬರೀ ಆಯಿಲ್ ಬದಲಿಸುವಾಗ ಒಂದು, ಎಂಜಿನ್ ಬಿಚ್ಚಿ ಜೋಡಿಸಿದಾಗ ಇನ್ನೊಂದು. ಇಷ್ಟು ದೊಡ್ಡ ಎಂಜಿನ್ನುಗಳಲ್ಲಿ ಎರಡರ ಅಂತರ ಸಾಮಾನ್ಯವಾಗಿ 100ರಿಂದ 200 ಮಿ.ಲೀ. ಎಷ್ಟೇ ಇಳಿಸಿದರೂ ಒಳಗೆ ಉಳಿದುಬಿಡುವ ಹಳೆ ಆಯಿಲ್ ಇದು. ಅದರಲ್ಲಿ ಕಾರಿನ ಆಯಿಲ್‌ನ ಅಂಶ ಇರುವುದರಿಂದಲೇ ಒಂದು ಸಲ ಬದಲಿಸಿದರೆ ಸಾಲದು. ಆಕ್ಸಿಲರೇಟರ್ ಹದವಾಗಿ ಕೊಡುತ್ತಾ 300 ಕಿ.ಮೀ. ಓಡಿಸಿ, ಅದನ್ನೂ ಇಳಿಸಿ, ಮತ್ತೊಮ್ಮೆ ಎಂಎ ಅಥವಾ ಎಂಎ2 ತುಂಬಿ. ಎರಡನೆಯ ಸಲಕ್ಕೆ ಕ್ಲಚ್ ಮರಳಿ ಹಿಡಿಯುವುದನ್ನು ಹಲವು ಗಾಡಿಗಳಲ್ಲಿ ಕಂಡಿದ್ದೇನೆ. ಆಗಲೂ ಜಾರಿದರೆ ಕವರ್ ಬಿಚ್ಚಿಸಿ, ಪ್ಲೇಟಿನ ದಪ್ಪ ಅಳೆಸಿ, ಮ್ಯಾನ್ಯುಯಲ್‌ನ ಮಿತಿಯೊಂದಿಗೆ ಹೋಲಿಸಿ, ಸ್ಪ್ರಿಂಗಿನ ಉದ್ದವನ್ನೂ ನೋಡಿಸಿ. ಹೊಸ ಪ್ಲೇಟ್ ಹಾಕುವುದಾದರೆ ಕೂರಿಸುವ ಮುಂಚೆ ಹೊಸ ಆಯಿಲ್‌ನಲ್ಲಿ ನೆನೆಸಿರಬೇಕು. ಒಣ ಪ್ಲೇಟ್ ಹಾಕಿ ಸ್ಟಾರ್ಟ್ ಮಾಡಿದರೆ ಬೇಗ ಸುಟ್ಟುಹೋಗಬಹುದು.

ತುಂಬಿದ ಮೇಲೆ ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಅಷ್ಟೇ ಹೊತ್ತು ಬಿಟ್ಟು ಮಟ್ಟ ನೋಡಿ. ಸೈಡ್ ಸ್ಟ್ಯಾಂಡ್ ಮೇಲೆ ನೋಡಿದರೆ ಲೆಕ್ಕ ತಪ್ಪುತ್ತದೆ. ಡಿಪ್‌ಸ್ಟಿಕ್ಕನ್ನು ತಿರುಪಿ ಬಿಗಿದು ಅಳೆಯಬೇಕೋ, ಸುಮ್ಮನೆ ಇಳಿಬಿಟ್ಟು ಅಳೆಯಬೇಕೋ ಎಂಬುದು ಬೈಕಿನಿಂದ ಬೈಕಿಗೆ ಬೇರೆ, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಮೇಲಿನ ಗೆರೆ ದಾಟಿಸಬೇಡಿ. ಹೆಚ್ಚಾದ ಆಯಿಲನ್ನು ಒಳಗಿನ ಚಕ್ರಗಳು ಕಡೆದು ನೊರೆ ಮಾಡುತ್ತವೆ, ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಬರುತ್ತದೆ.

ಬದಲಿಸಿದ ದಿನಾಂಕ, ಕಿ.ಮೀ., ಗ್ರೇಡ್, ಜಾಸೊ ಗುರುತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಅಡಿ ಅಂಟಿಸಿಡಿ. ಮುಂದಿನ ಸಲ ಯಾವ ಮೆಕ್ಯಾನಿಕ್ ಮುಟ್ಟಿದರೂ ಅವರಿಗೂ ತಿಳಿಯುತ್ತದೆ. ಕಾರಿನ ಡಬ್ಬಿಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಮುಚ್ಚಳ ಬಿಗಿ ಮಾಡಿ ಕಾರಿನ ಡಿಕ್ಕಿಯಲ್ಲೇ ಇಡಿ, ಅದರ ಮಟ್ಟ ಇಳಿದಾಗ ತುಂಬಲು ಬರುತ್ತದೆ.